ಡಾಟ್ಸನ್ ಗಾಡಿಯ ಖಮರುದ್ದೀನ್

ಖಮರುದ್ದೀನನನ್ನು ನಾನು ಮೊದಲು ನೋಡಿದ್ದು ಅರವತ್ತೇಳನೆಯ ಇಸವಿ, ಶ್ರಾವಣದ ಎರಡನೆಯ ಸೋಮವಾರ, ಬಸವಕಲ್ಯಾಣದಲ್ಲಿ ನಮ್ಮಣ್ಣನ ಮನೆಯ ಮುಂದೆ. ನನ್ನ ಯಜಮಾನರು ತೀರಿಕೊಂಡು ಒಂದು ವರ್ಷ ಎರಡು ತಿಂಗಳಾಗಿತ್ತು. ಹುಮನಾಬಾದಿನ ಬೇಳೆ ವ್ಯಾಪಾರಿ ವೈಜನಾಥಪ್ಪನವರು ನಮ್ಮ ತಾಯಿಯ ಕಡೆಯಿಂದ ದೂರದ ನೆಂಟರು. ಅವರ ಮನೆಯಲ್ಲಿ ಅಡುಗೆಗೆ ಒಬ್ಬರು ಕಡಿಮೆ ಇದ್ದರು, ನಮ್ಮಣ್ಣನ ಮನೆಯಲ್ಲಿ ಉಣ್ಣುವವರು ಒಬ್ಬರು ಹೆಚ್ಚಿಗೆ ಇದ್ದರು. ಮಾತು ಅಷ್ಟರಲ್ಲೇ ಮುಗಿಯಿತು. ಅವರ ಗಾಡಿ ಕಲ್ಯಾಣದ ಬೀಗರ ಮನೆಗೆ ಎರಡು ಚೀಲ ತೊಗರಿಬೇಳೆ ಮುಟ್ಟಿಸಲು ಬಂದಿತ್ತು. ಮರಳುವಾಗ ಖಾಲಿ ಬರಬೇಡ, ಆ ಹೆಣ್ಣುಮಗಳನ್ನು ಕೂರಿಸಿಕೊಂಡು ಬಾ ಎಂದು ಡ್ರೈವರನಿಗೆ ಹೇಳಿ ಕಳಿಸಿದ್ದರು.

ಗಾಡಿ ಹಾಲಿನ ಕೆನೆಯ ಬಣ್ಣದ್ದು, ಅಂಬಾಸಡರಿಗಿಂತ ಸಣ್ಣದು. ಇಳಿದವನು ತೆಳ್ಳಗಿನ ಆಳು, ಮೂವತ್ತರ ಆಸುಪಾಸು, ಖಾಕಿ ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿದ್ದ. ಬಂದವನೇ ನಮ್ಮ ಕಡೆ ನೋಡಲಿಲ್ಲ. ಗಾಡಿಯ ಮುಂದಿನ ಮುಚ್ಚಳ ಎತ್ತಿ, ಒಳಗೆ ಕೈಹಾಕಿ, ಏನನ್ನೋ ತೆಗೆದು ಕಿಸೆಯಲ್ಲಿ ಇಟ್ಟುಕೊಂಡು, ಮುಚ್ಚಳ ಹಾಕಿ, ಆಮೇಲೆ ನಮಸ್ಕಾರ ಎಂದ. ಗಾಡಿ ಕೆಟ್ಟಿತೇನು ಎಂದು ನಮ್ಮಣ್ಣ ಕೇಳಿದ.

“ಕೆಟ್ಟಿಲ್ಲ್ರಿ. ಇದರ ಜೀವ ತಗದು ಕಿಸೇದಾಗ ಇಟ್ಕೊಂಡೀನಿ,” ಎಂದ. “ಜೀವ ನನ್ನ ಕಡೆ ಇದ್ದರ ಹೆಣಾ ಯಾರು ಕದ್ದೊಯ್ತಾರ್ರಿ?”

ಅದಕ್ಕೆ ರೋಟರ್ ಎನ್ನುತ್ತಾರೆ. ಹೆಬ್ಬೆರಳಿನ ತುದಿಯಷ್ಟು ಕಪ್ಪು ತುಂಡು, ತಲೆಯ ಮೇಲೆ ಒಂದು ಹಿತ್ತಾಳೆಯ ಪಟ್ಟಿ. ಇಂಜಿನ್ನಿಗೆ ಕಿಡಿ ಹಂಚುವುದು ಅದೇ. ಅದಿಲ್ಲದಿದ್ದರೆ ಕೀಲಿ ತಿರುವಿದರೂ ಏಳುವುದಿಲ್ಲ, ನಾಲ್ಕು ಜನ ದಬ್ಬಿದರೂ ಏಳುವುದಿಲ್ಲ. ಗಾಡಿ ಎಲ್ಲಿ ನಿಂತರೂ ಖಮರುದ್ದೀನ್ ಅದನ್ನು ತೆಗೆದುಕೊಳ್ಳದೆ ಎದ್ದು ಹೋದವನಲ್ಲ.

ನಾನು ಅವತ್ತಿನವರೆಗೆ ಕಾರಿನಲ್ಲಿ ಕೂತವಳಲ್ಲ. ಊರು ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಹೊಟ್ಟೆ ತೊಳಸಿತು. ನಿಲ್ಲಿಸಿ ಎನ್ನಲು ನಾಚಿಕೆ, ಸೆರಗಿನಲ್ಲೇ ಕಕ್ಕಿದೆ. ಅವನು ಗಾಡಿ ನಿಲ್ಲಿಸಿ ನೀರು ಕೊಟ್ಟ, ಮೂಸಲು ಒಂದು ನಿಂಬೆಹಣ್ಣು ಕೊಟ್ಟ, ನನ್ನ ಕಡೆ ಬೆನ್ನು ತಿರುಗಿಸಿ ನಿಂತ. ಹೊರಡುವಾಗ, “ಅಕ್ಕಾರ, ಮೊದಲನೇ ಸಲ ಕುಂತಾಗ ಸಾವ್ಕಾರ್ರು ಇದಕ್ಕಿಂತ ಜಾಸ್ತಿ ಕಕ್ಕಿದ್ರು. ನಾ ಹೇಳೀನಂತ ಹೇಳಬ್ಯಾಡ್ರಿ ಮತ್ತ,” ಎಂದ. ಗಂಡ ಸತ್ತ ಮೇಲೆ ನನಗೆ ಮೊದಲ ಸಲ ನಗು ಬಂದದ್ದು ಅಲ್ಲಿ.

ಅವನ ತಂದೆ ಕಲ್ಯಾಣದ ಒಬ್ಬ ಜಹಾಗೀರದಾರರಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದರಂತೆ. ನಲವತ್ತೆಂಟರಲ್ಲಿ, ನಿಜಾಮನ ಮೇಲೆ ಪೋಲೀಸ್ ಆ್ಯಕ್ಷನ್ ಆದ ವರ್ಷ, ಜಹಾಗೀರವೂ ಹೋಯಿತು, ತಂದೆಯೂ ಹೋದರು. ಹೇಗೆ ಹೋದರು ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಹನ್ನೆರಡು ವರ್ಷದವನು ಹೈದರಾಬಾದಿಗೆ ಹೋಗಿ ಗ್ಯಾರೇಜು ಸೇರಿದ. ಅರವತ್ತನಾಲ್ಕರಲ್ಲಿ ಅಲ್ಲಿಯ ಒಂದು ನೂಲಿನ ಗಿರಣಿಗೆ ಯಂತ್ರ ಕೂರಿಸಲು ಜಪಾನಿನ ಇಂಜಿನಿಯರ್ ಒಬ್ಬರು ಬಂದರು, ಜೊತೆಗೆ ಈ ಡಾಟ್ಸನ್ ಗಾಡಿ. ಮೂರು ವರ್ಷ ಖಮರುದ್ದೀನ್ ಅವರ ಡ್ರೈವರ್. ಅವರಿಗೆ ಉರ್ದು ಬಾರದು, ಇವನಿಗೆ ಜಪಾನಿ ಬಾರದು, ಇಬ್ಬರಿಗೂ ಸೇರಿ ಇಂಗ್ಲಿಷಿನ ಇಪ್ಪತ್ತು ಮಾತು. ಅಷ್ಟರಲ್ಲೇ ಅವರು ಇಂಜಿನ್ನಿನ ಒಂದೊಂದು ಸಾಮಾನನ್ನೂ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ಕಲಿಸಿದರು. ಅವರು ತಮ್ಮ ದೇಶಕ್ಕೆ ಹೊರಟಾಗ ಗಾಡಿ ಸರ್ಕಾರದ ಹರಾಜಿಗೆ ಬಂತು. ವೈಜನಾಥಪ್ಪನವರು ಹಿಡಿದರು. ಇದನ್ನು ಬಿಚ್ಚಿ ಜೋಡಿಸಲು ಬಲ್ಲವನು ಇವನೊಬ್ಬನೇ ಆದ್ದರಿಂದ ಗಾಡಿಯ ಹಿಂದೆ ಅವನೂ ಬಂದ, ಹೆಂಡತಿ ವಜೀರಬಿಯನ್ನೂ ಎರಡು ವರ್ಷದ ಮಗಳು ಗೌಹರಳನ್ನೂ ಕರೆದುಕೊಂಡು.

ಆ ಕಂಪನಿಯ ಕಥೆ ಅವನ ಬಾಯಿಂದಲೇ ನಾವೆಲ್ಲ ಕೇಳಿದ್ದು. ಬಹಳ ಹಿಂದೆ ಮೂರು ಜನ ಧಣಿಗಳು ಹಣ ಹಾಕಿ ಒಂದು ಗಾಡಿ ಮಾಡಿಸಿದರಂತೆ. ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿ ಅದಕ್ಕೆ ‘ಡಾಟ್’ ಎಂದು ಹೆಸರಿಟ್ಟರು. ಮುಂದೆ ಅದಕ್ಕಿಂತ ಸಣ್ಣ ಗಾಡಿ ಮಾಡಿದಾಗ ಡಾಟಿನ ಮಗ ಎಂದು ಕರೆದರು. ಆದರೆ ಮಗ ಎನ್ನುವ ಆ ಇಂಗ್ಲಿಷ್ ಮಾತು ಅವರ ಭಾಷೆಯಲ್ಲಿ ಲುಕ್ಸಾನು ಎಂದಂತೆ ಕೇಳುತ್ತದೆ ಎಂದು, ಒಂದು ಅಕ್ಷರ ತಿದ್ದಿ ಅದನ್ನು ಸೂರ್ಯ ಎನ್ನುವ ‘ಸನ್’ ಮಾಡಿದರು. ವೈಜನಾಥಪ್ಪನವರಿಗೆ ಇದು ಬಹಳ ಸೇರಿತು. ಬಾಯಲ್ಲಿ ಲುಕ್ಸಾನು ಬರಬಾರದು ಎಂದು ಹೆಸರು ತಿದ್ದಿದವರು ಖರೇ ವ್ಯಾಪಾರಸ್ಥರು ಎಂದು ಅಡತಿ ಬಜಾರದಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು.

ಮೊದಲ ಎರಡು ವರ್ಷ ಗಾಡಿ ಒಂದು ದಿನವೂ ನಿಲ್ಲಲಿಲ್ಲ. ಉದಗೀರ, ಲಾತೂರ, ಸೊಲ್ಲಾಪುರ, ಹೈದರಾಬಾದು, ಸಾವಕಾರರು ಎಲ್ಲೆಂದರೆ ಅಲ್ಲಿಗೆ ಹೋಗಿ ಬಂತು. ಆಮೇಲೆ ಒಂದೊಂದೇ ಸಾಮಾನು ಸವೆಯತೊಡಗಿತು. ಈ ಗಾಡಿಯ ಸಾಮಾನು ಹೈದರಾಬಾದಿನಲ್ಲೂ ಸಿಗುವಂಥದ್ದಲ್ಲ. ಖಮರುದ್ದೀನ್ ಫಿಯಾಟ್ ಗಾಡಿಯದನ್ನು ತಂದು ಅರದಿಂದ ತಿಕ್ಕಿ ಕೂರಿಸುತ್ತಿದ್ದ. ಹಿಟ್ಟಿನ ಗಿರಣಿಯ ಬೆಲ್ಟು ಫ್ಯಾನಿಗೆ ಹಾಕಿದ. ಬಾಗಿಲಿನ ರಬ್ಬರು ಹೋದಾಗ ಹಳೆಯ ಚಪ್ಪಲಿ ಕತ್ತರಿಸಿದ. ಕಲ್ಲು ಸಿಡಿದು ಒಂದು ದೀಪ ಒಡೆದಾಗ ಟ್ರ್ಯಾಕ್ಟರಿನ ದೀಪ ಹಾಕಿದ. ಒಂದು ಕಣ್ಣು ಜಪಾನಿನದು, ಒಂದು ಕಣ್ಣು ಹೊಲದ್ದು ಎಂದು ಮಂದಿ ನಗುತ್ತಿದ್ದರು. ರೋಟರಿಗೆ ಮಾತ್ರ ಜೋಡಿ ಇರಲಿಲ್ಲ. ಬೇರೆ ಯಾವ ಗಾಡಿಯದೂ ಅಲ್ಲಿ ಕೂರುತ್ತಿರಲಿಲ್ಲ. ಅದೊಂದೇ.

ದಸರೆಯ ಹಿಂದಿನ ದಿನ, ಮಾನಮಿಯಂದು ಮಾಡುವ ಖಂಡೆ ಪೂಜೆಯ ಸಂಗತಿಯನ್ನು ಇಲ್ಲಿ ಹೇಳಬೇಕು. ಅಂದು ಬೆಳಿಗ್ಗೆ ಮನೆಯ ಹತಾರಗಳನ್ನೆಲ್ಲ ತೊಳೆದು ದೇವರ ಕೋಣೆಯಲ್ಲಿ ಸಾಲಾಗಿ ಇಡುತ್ತಾರೆ. ಕುಡಗೋಲು, ಕೊಡಲಿ, ಅಂಗಡಿಯ ತಕ್ಕಡಿ, ಬೇಳೆ ಗಿರಣಿಯ ಪಾನಾಗಳು. ವಿಭೂತಿ, ಕುಂಕುಮ, ಹೂವು ಏರಿಸಿದ ಮೇಲೆ ಮರುದಿನ ದಶಮಿಯ ಪೂಜೆ ಆಗುವವರೆಗೆ ಯಾರೂ ಯಾವುದನ್ನೂ ಮುಟ್ಟುವಂತಿಲ್ಲ. ಗಾಡಿ ಬಂದ ಮೊದಲ ವರ್ಷ ವೈಜನಾಥಪ್ಪನವರ ತಾಯಿ ಮಾಣಿಕಮ್ಮನವರು ಕೇಳಿದರು, ಇಷ್ಟು ದೊಡ್ಡ ಗಾಡಿಯನ್ನು ದೇವರ ಕೋಣೆಗೆ ಹೇಗೆ ತರುವುದು ಎಂದು. ಖಮರುದ್ದೀನ್ ಕಿಸೆಯಿಂದ ರೋಟರ್ ತೆಗೆದು ಬಾಳೆಯೆಲೆಯ ಮೇಲೆ ಇಟ್ಟ. ಇದರ ಜೀವ ಇದರಲ್ಲಿದೆ, ಇದನ್ನು ಪೂಜೆಗೆ ಇಟ್ಟರೆ ಗಾಡಿ ಇಟ್ಟಂತೆಯೇ ಎಂದ. ಅವ್ವನವರಿಗೆ ಸಂತೋಷವಾಯಿತು. ಅಂದಿನಿಂದ ಪ್ರತಿ ಮಾನಮಿಗೂ ರೋಟರ್ ತಕ್ಕಡಿಯ ಪಕ್ಕ ಕುಂಕುಮ ಹಚ್ಚಿಕೊಂಡು ಕೂರುತ್ತಿತ್ತು, ಗಾಡಿ ಅಂಗಳದಲ್ಲಿ ಹಾರ ಹಾಕಿಕೊಂಡು ಸುಮ್ಮನೆ ನಿಂತಿರುತ್ತಿತ್ತು.

ಅರವತ್ತೊಂಬತ್ತರಲ್ಲಿ ವೈಜನಾಥಪ್ಪನವರ ಅಳಿಯ ತಿಳಿಯದೆ ಪೂಜೆಯಲ್ಲಿದ್ದ ಒಂದು ಪಾನಾ ಎತ್ತಿ ಸೈಕಲ್ಲಿನ ನಟ್ಟು ಬಿಗಿದ. ಮಾಣಿಕಮ್ಮನವರು ಅವನಿಗೆ ಒಂದು ಮಾತೂ ಬೈಯಲಿಲ್ಲ. ಮರುದಿನದವರೆಗೆ ನೀರು ಮುಟ್ಟದೆ ಗೋಡೆಗೆ ಮುಖ ಮಾಡಿ ಕೂತರು, ಅಷ್ಟೆ. ಅದನ್ನು ಮನೆಯವರೆಲ್ಲ ನೋಡಿದ್ದರು. ಖಮರುದ್ದೀನನೂ ನೋಡಿದ್ದ.

ಪೂಜೆಗೆ ಕೈ ಹಾಕುವವರು ಮನೆಗೆ ಹಿರಿಯರಾದ ಮಾಣಿಕಮ್ಮನವರು ಮತ್ತು ವೈಜನಾಥಪ್ಪನವರ ಸೊಸೆ ಸುಂದರಬಾಯಿ. ನಾನು ಮುತ್ತೈದೆಯಲ್ಲ, ಆ ಕೋಣೆಯ ಹೊಸ್ತಿಲು ದಾಟುವುದು ಆ ದಿನ ನನಗೆ ಇರಲಿಲ್ಲ. ನೆಲ ಸಾರಿಸುವುದು ಹಿಂದಿನ ದಿನವೇ ಮುಗಿಯುತ್ತಿತ್ತು. ಮಾನಮಿಯ ಮಧ್ಯಾಹ್ನ ಎಲ್ಲರೂ ಉಂಡು ಮಲಗಿದಾಗ ನಾನು ಹೊಸ್ತಿಲ ಹೊರಗೆ ಕೂತು ದೀಪ ಕಾಯುತ್ತಿದ್ದೆ. ಎಣ್ಣೆ ಇಳಿದರೆ ಸುಂದರಬಾಯಿಯನ್ನು ಕೂಗುವುದು ನನ್ನ ಕೆಲಸ.

ಎಪ್ಪತ್ತಮೂರರ ಮಾನಮಿ. ಗೋಡೆ ಗಡಿಯಾರ ಎರಡು ಹೊಡೆದು ಸ್ವಲ್ಪ ಹೊತ್ತಾಗಿತ್ತು. ಖಮರುದ್ದೀನ್ ಹಿತ್ತಿಲ ಕಡೆಯಿಂದ ಬಂದು ಮೆಟ್ಟಿಲ ಮೇಲೆ ನಿಂತ. ಚಪ್ಪಲಿ ಕೈಯಲ್ಲಿತ್ತು. ಅಂಗಿಯ ಮೇಲಿನ ಗುಂಡಿ ಕೆಳಗಿನ ಕಾಜಿಗೆ ಹೋಗಿತ್ತು. ಅವನು ನನ್ನನ್ನು ನೋಡಲಿಲ್ಲ, ನನ್ನ ಭುಜದ ಮೇಲಿಂದ ಕೋಣೆಯೊಳಗೆ ನೋಡಿದ. ರೋಟರ್ ತಕ್ಕಡಿಯ ಬಲಕ್ಕಿತ್ತು, ಅದರ ಮೇಲೆ ಒಂದು ಸೇವಂತಿಗೆ.

“ಅಕ್ಕಾರ, ಪೂಜಾ ಯಾವಾಗ ಎತ್ತತಾರ್ರಿ?”

“ನಾಳಿ ಹತ್ತು ಗಂಟಿಗಿ. ಯಾವಾಗ್ಲೂ ಹತ್ತಕ್ಕ ಅಲ್ಲೇನು, ಖಮರಭಾಯಿ.”

ಅವನು ಹೌದು ಎಂದು ತಲೆಯಾಡಿಸಿದ. ಎಲ್ಲರೂ ಮಲಗಿದ್ದಾರೇನು ಎಂದು ಕೇಳಿದ. ಮಲಗಿದ್ದಾರೆ, ಎಬ್ಬಿಸಲೇನು ಎಂದೆ.

“ಬ್ಯಾಡ್ರಿ. ಮಲಗಲಿ.”

ಹೋದ. ನಾನು ದೀಪದ ಕಡೆ ತಿರುಗಿದೆ. ವಜೀರಬಿಗೆ ದಿನ ತುಂಬಿದ್ದು ನನಗೆ ಗೊತ್ತಿತ್ತು. ಬಾಣಂತಿಗೆಂದು ಒಣಕೊಬ್ಬರಿ, ಅಂಟು ನಾನೇ ಹಿಂದಿನ ವಾರ ಕೊಟ್ಟು ಬಂದಿದ್ದೆ. ಅಂಗಿಯ ಗುಂಡಿ ತಪ್ಪಿದ್ದನ್ನೂ ನೋಡಿದೆ. ಎರಡನ್ನೂ ಕೂಡಿಸಿ ನೋಡಲಿಲ್ಲ. ಏನಾಯಿತು ಖಮರಭಾಯಿ ಎಂದು ಒಂದು ಮಾತು ಕೇಳಲಿಲ್ಲ.

ಉಳಿದದ್ದನ್ನು ಗೌಹರ ಆಮೇಲೆ ಹೇಳಿದಳು. ಆಗ ಅವಳಿಗೆ ಎಂಟು ವರ್ಷ. ಸೂಲಗಿತ್ತಿ ಗಂಗುಬಾಯಿ ಬೆಳಿಗ್ಗೆಯಿಂದ ಅಲ್ಲೇ ಇದ್ದಳು. ಎರಡು ಹೊಡೆಯುವ ಹೊತ್ತಿಗೆ ಹೊರಗೆ ಬಂದು, ಕೂಸು ಅಡ್ಡ ಮಲಗಿದೆ, ನನ್ನ ಕೈಯಿಂದ ಆಗುವುದಲ್ಲ, ಬೀದರಿಗೆ ಒಯ್ಯಿರಿ ಎಂದಳು. ಖಮರುದ್ದೀನ್ ಗಾಡಿ ತರುತ್ತೇನೆ ಎಂದು ನಮ್ಮ ಮನೆಗೆ ಬಂದ. ಬಂದು, ನನ್ನನ್ನು ಆ ಮಾತು ಕೇಳಿ, ತಿರುಗಿ ಹೋದ. ಲಾರಿ ನಿಲ್ಲುವ ಜಾಗಕ್ಕೆ ಓಡಿದ. ಅಲ್ಲಿ ಆರು ಲಾರಿ ಇದ್ದವು, ಆರಕ್ಕೂ ಚೆಂಡುಹೂವಿನ ಹಾರ, ಗಾಲಿಯ ಕೆಳಗೆ ನಿಂಬೆಹಣ್ಣು. ಡ್ರೈವರುಗಳು ಪೂಜೆ ಮಾಡಿ ತಮ್ಮ ತಮ್ಮ ಹಳ್ಳಿಗೆ ಹೋಗಿದ್ದರು. ಬೀದರಿನ ಬಸ್ಸು ಒಂದಕ್ಕೇ ಹೋಗಿತ್ತು, ಮುಂದಿನದು ಆರಕ್ಕೆ. ಕೊನೆಗೆ ದಿಗಂಬರನ ಟಾಂಗಾ ಸಿಕ್ಕಿತು. ಕುದುರೆಗೆ ಪೂಜೆ ಇರಲಿಲ್ಲ. ಮೂರು ಗಂಟೆಗೆ ವಜೀರಬಿಯನ್ನು ಹುಲ್ಲಿನ ಮೇಲೆ ಮಲಗಿಸಿಕೊಂಡು ಹೊರಟರು. ಟಾಂಗಾ ನಮ್ಮ ಓಣಿಯ ಬಾಯಿಂದಲೇ ಹಾದು ಹೋಯಿತು. ಗೆಜ್ಜೆಯ ಸದ್ದು ನನಗೆ ಕೇಳಿಸಿತು.

ಹಳ್ಳಿಖೇಡ ಮುಟ್ಟುವ ಹೊತ್ತಿಗೆ ಹೊತ್ತು ಮುಳುಗುವುದರಲ್ಲಿತ್ತು. ವಜೀರಬಿ ಅಲ್ಲಿ ತೀರಿಕೊಂಡಳು. ಕೂಸು ಹೊಟ್ಟೆಯಲ್ಲೇ ಉಳಿಯಿತು. ಡಾಟ್ಸನ್ ಗಾಡಿ ಹುಮನಾಬಾದಿನಿಂದ ಬೀದರಿಗೆ ಒಂದೂಕಾಲು ತಾಸಿನಲ್ಲಿ ಹೋಗುತ್ತಿತ್ತು. ಎರಡೂಕಾಲಕ್ಕೆ ಬಿಟ್ಟಿದ್ದರೆ ಮೂರೂವರೆಗೆ ಮುಟ್ಟುತ್ತಿತ್ತು. ಈ ಲೆಕ್ಕ ನಾನು ಎಷ್ಟು ಸಲ ಮಾಡಿದ್ದೇನೋ.

ಮರುದಿನ ದಶಮಿ. ಹತ್ತು ಗಂಟೆಗೆ ಮಾಣಿಕಮ್ಮನವರು ಪೂಜೆ ಎತ್ತಿದರು. ರೋಟರನ್ನು ತಾಟಿನಲ್ಲಿಟ್ಟು, ಖಮರೂನನ್ನು ಕರೆಯಿರಿ, ತನ್ನ ಜೀವ ಒಯ್ಯಲಿ ಎಂದು ನಗುತ್ತ ಹೇಳಿದರು. ವೈಜನಾಥಪ್ಪನವರು ಬನ್ನಿ ತರಲು ಹೊರಗೆ ಹೋಗಿದ್ದವರು ಬರಿಗೈಯಲ್ಲಿ ಬಂದು ಕಟ್ಟೆಯ ಮೇಲೆ ಕೂತುಬಿಟ್ಟರು. ಅವರ ಬಾಯಿಂದ ಸುದ್ದಿ ತಿಳಿಯಿತು. ಆ ಹೊತ್ತಿಗೆ ಖಬರಸ್ತಾನದಲ್ಲಿ ಮಣ್ಣು ಕೊಡುತ್ತಿದ್ದರು. ಬಂಗಾರದಂತೆ ಇರೋಣ ಎನ್ನುತ್ತ ಬನ್ನಿ ಕೊಡಲು ಜನ ಬರತೊಡಗಿದರು. ಮಾಣಿಕಮ್ಮನವರು ಕೈ ಚಾಚಲಿಲ್ಲ. ತಾಟು ಅವರ ತೊಡೆಯ ಮೇಲೇ ಇತ್ತು.

ಮೂರನೆಯ ದಿನ ಖಮರುದ್ದೀನ್ ಕೆಲಸಕ್ಕೆ ಬಂದ. ಬಂದು ನನ್ನನ್ನು ಎಬ್ಬಿಸಬೇಕಿತ್ತಲ್ಲೋ ಎಂದು ವೈಜನಾಥಪ್ಪನವರು ಕಣ್ಣೊರೆಸಿಕೊಂಡರು. ಇಟ್ಟದ್ದನ್ನು ನಡುವೆ ಎತ್ತಬಾರದಲ್ಲವೇ ಸಾವಕಾರರೆ ಎಂದ ಅವನು. ಮಾಣಿಕಮ್ಮನವರು ಪಡಸಾಲೆಯ ಕಂಬ ಹಿಡಿದು ನಿಂತಿದ್ದರು.

“ನನಗ ಒಂದ ಮಾತು ಹೇಳಿದ್ರ ನಾನ ನನ್ನ ಕೈಯಾರೆ ಎತ್ತಿ ಕೊಡತಿದ್ನಲ್ಲೋ, ಹುಚ್ಚ.”

“ಹೌದ್ರಿ, ಅವ್ವಾರ.”

ಚೀಲ ಹೇರು ಎಂದರೆ ಹೇಗೆ ಹೌದ್ರಿ ಎನ್ನುತ್ತಿದ್ದನೋ ಹಾಗೆಯೇ ಎಂದ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅವನು ಬಂದು ನನ್ನನ್ನು ಕೇಳಿದ್ದ ಎನ್ನುವುದನ್ನು ಅವನು ಹೇಳಲಿಲ್ಲ. ಅವತ್ತೂ ಹೇಳಲಿಲ್ಲ, ಮುಂದೆಯೂ ಯಾರ ಮುಂದೆಯೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮುಂದಿನ ವರ್ಷ ಮಾನಮಿ ಬಂದಾಗ ರೋಟರ್ ಇಡುವುದು ಬೇಡ ಎಂದು ಮಾಣಿಕಮ್ಮನವರೇ ಹೇಳಿದರು. ಗಾಡಿಗೆ ಹೊರಗಿನಿಂದ ಒಂದು ಕಾಯಿ ಒಡೆದರೆ ಸಾಕು ಎಂದರು. ಖಮರುದ್ದೀನ್ ಅದನ್ನು ತೊಳೆದು ಬಾಳೆಯೆಲೆಯ ಮೇಲೆ ತಂದಿದ್ದ. ತಿರುಗಿ ಒಯ್ಯಲಿಲ್ಲ.

“ಇಡ್ರಿ ಅವ್ವಾರ. ಈಗ ಬಿಟ್ಟರ, ಅವತ್ತೂ ಬಿಡಬೇಕಿತ್ತು ಅಂದಂಗ ಆಗತದ.”

ಇಟ್ಟರು. ಅಂದು ಸಂಜೆಯವರೆಗೆ ಅವನು ಅಂಗಳದಲ್ಲಿ ಗಾಡಿಯ ಪಕ್ಕ ಕೂತಿದ್ದ. ಪ್ರತಿ ವರ್ಷ ಹಾಗೆಯೇ, ಹನ್ನೊಂದು ವರ್ಷ. ನಾನು ಚಹಾ ಒಯ್ದು ಕೊಟ್ಟರೆ ತೆಗೆದುಕೊಳ್ಳುತ್ತಿದ್ದ.

ಮತ್ತೆ ಮದುವೆ ಮಾಡಿಕೊಳ್ಳಲಿಲ್ಲ. ಗೌಹರಳಿಗೆ ಎಣ್ಣೆ ಹಚ್ಚಿ ಹೆರಳು ಹಾಕುವುದು, ಜ್ವರ ಬಂದರೆ ಗಂಜಿ ಕಾಯಿಸುವುದು ನನ್ನ ಪಾಲಿಗೆ ಬಂತು. ನಾನೇ ಎಳೆದುಕೊಂಡೆ ಎನ್ನುವುದು ಸರಿ. ಅವಳನ್ನು ಚಿಟಗುಪ್ಪಕ್ಕೆ ಮದುವೆ ಮಾಡಿ ಕೊಟ್ಟೆವು. ಅಷ್ಟರಲ್ಲಿ ಪೆಟ್ರೋಲು ತುಟ್ಟಿಯಾಗಿ ಗಾಡಿ ವಾರಕ್ಕೆ ಎರಡು ಸಲ ಹೊರಬಿದ್ದರೆ ಹೆಚ್ಚು ಎನ್ನುವಂತಾಯಿತು. ಎಪ್ಪತ್ತೊಂಬತ್ತರಲ್ಲಿ ಮಾಣಿಕಮ್ಮನವರು ಹೋದರು. ಎಂಬತ್ತೆರಡರಲ್ಲಿ ವೈಜನಾಥಪ್ಪನವರು. ಒಂದು ದಿನ ಖಮರುದ್ದೀನ್ ಉರ್ದು ಪೇಪರ್ ಹಿಡಿದುಕೊಂಡು ಬಂದು, ಕಂಪನಿಯವರು ಡಾಟ್ಸನ್ ಎನ್ನುವ ಹೆಸರನ್ನೇ ತೆಗೆದುಹಾಕುತ್ತಿದ್ದಾರಂತೆ, ಇನ್ನು ಮುಂದೆ ಎಲ್ಲವೂ ನಿಸಾನ್ ಅಂತೆ ಎಂದು ತಿಳಿಸಿದ. ಊರಿನಲ್ಲಿ ಯಾರಿಗೆ ಹೇಳಬೇಕು ಅದನ್ನು, ನನಗೆ ಹೇಳಿದ.

ಎಂಬತ್ತೈದರಲ್ಲಿ ವೈಜನಾಥಪ್ಪನವರ ಮಗ ಬಸವಣಪ್ಪ ಮಾರುತಿ ಕಾರು ತಂದರು. ಬಿಳಿಯದು. ಅದರ ಬೇರೂ ಜಪಾನಿನದೇ ಎಂದು ಅವರೇ ಹೇಳಿದರು, ಖಮರಚಾಚಾ, ನಿಮ್ಮ ಗಾಡಿಯ ತಮ್ಮ ಬಂದಾನ ನೋಡ್ರಿ ಎಂದು ಚೇಷ್ಟೆ ಮಾಡಿದರು. ಹಳೆಯದು ಬೇಳೆ ಗಿರಣಿಯ ಹಿಂದೆ ಇಟ್ಟಂಗಿಯ ಮೇಲೆ ನಿಂತಿತು. ಆ ವರ್ಷದ ಮಾನಮಿಗೆ ಸುಂದರಬಾಯಿ ಹತಾರಗಳ ಜೊತೆ ಹೊಸ ಕಾರಿನ ಕೀಲಿ ಇಟ್ಟು ಕುಂಕುಮ ಹಚ್ಚಿದರು. ಖಮರುದ್ದೀನ್ ರೋಟರ್ ತಂದಿದ್ದ. ಏಳದ ಗಾಡಿಯದು ಯಾಕೆ ಎಂದು ಯಾರೂ ಅನ್ನಲಿಲ್ಲ, ಅದನ್ನೂ ಪಕ್ಕದಲ್ಲಿಟ್ಟರು.

ಮಧ್ಯಾಹ್ನ ಉಂಡಾದ ಮೇಲೆ ಬಸವಣಪ್ಪನವರ ಗೆಳೆಯರು ಇಬ್ಬರು ಬಂದರು. ಕಲಬುರ್ಗಿಗೆ ಹೋಗಿ ಸಂಜೆಗೆ ಬರೋಣ ಎಂದು ಮಾತಾಯಿತು. ಕೀಲಿ ಪೂಜೆಯಲ್ಲಿದೆಯಲ್ಲ ಎಂದು ಒಬ್ಬರು ಕೇಳಿದರು. ಬಸವಣಪ್ಪನವರು ನಗುತ್ತ ಕಿಸೆಯಿಂದ ಇನ್ನೊಂದು ಕೀಲಿ ತೆಗೆದರು. ಕಾರು ಹಾರ ಅಲ್ಲಾಡಿಸಿಕೊಂಡು ಓಣಿ ದಾಟಿತು. ಸುಂದರಬಾಯಿ ಬಾಗಿಲಿಗೆ ಬಂದು ನೋಡಿ, ಹೊತ್ತಾಗುವುದರೊಳಗೆ ಬರಲಿ ಎಂದು ಒಳಗೆ ಹೋದರು. ಅಷ್ಟೇ. ಮನೆಯಲ್ಲಿ ಯಾರೂ ಮಾಣಿಕಮ್ಮನವರಂತೆ ನೀರು ಬಿಟ್ಟು ಕೂರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಸಂಜೆ ಏಳಕ್ಕೆ ಕಾರು ಬಂತು, ಕಲಬುರ್ಗಿಯ ಮಿಠಾಯಿ ತಂದಿದ್ದರು.

ಖಮರುದ್ದೀನ್ ಗಿರಣಿಯ ಮೆಟ್ಟಿಲ ಮೇಲಿಂದ ಎಲ್ಲವನ್ನೂ ನೋಡಿದ್ದ. ನಾನು ಚಹಾ ಒಯ್ದೆ. ಕಪ್ಪು ಹಿಡಿದ, ಕುಡಿಯಲಿಲ್ಲ. ಕೆನೆಗಟ್ಟುವವರೆಗೆ ಹಿಡಿದುಕೊಂಡೇ ಕೂತಿದ್ದು, ಕಪ್ಪು ನೆಲಕ್ಕಿಟ್ಟು ಮನೆಗೆ ಹೋದ. ಮರುದಿನ ಹತ್ತಕ್ಕೆ ರೋಟರ್ ಒಯ್ಯಲು ಬರಲಿಲ್ಲ. ಸುಂದರಬಾಯಿ ಅದನ್ನು ನನ್ನ ಕೈಯಲ್ಲಿ ಕೊಟ್ಟರು, ನಾನು ಅವನ ಮನೆಗೆ ಮುಟ್ಟಿಸಿದೆ. ತೆಗೆದುಕೊಂಡು ನೋಡದೆ ಕಿಟಕಿಯಲ್ಲಿಟ್ಟ.

ಅವನ ಕೆಮ್ಮು ಹಳೆಯದು. ಆ ಚಳಿಗಾಲದಲ್ಲಿ ರಕ್ತ ಬೀಳತೊಡಗಿತು. ಬಸವಣಪ್ಪನವರು ತಮ್ಮ ಕಾರಿನಲ್ಲೇ ಎರಡು ಸಲ ಬೀದರಿಗೆ ಕರೆದೊಯ್ದರು, ಅದರಲ್ಲಿ ಅವರದು ಕಡಿಮೆಯಿಲ್ಲ. ಮೂರನೆಯ ಸಲ ಅವನೇ ಒಲ್ಲೆ ಎಂದ. ಗೌಹರ ಚಿಟಗುಪ್ಪದಿಂದ ಬಂದು ತಂದೆಯ ಹತ್ತಿರ ಉಳಿದಳು. ಸಂಕ್ರಾಂತಿ ಕಳೆದು ನಾಲ್ಕನೆಯ ದಿನ ಬೆಳಿಗ್ಗೆ ನನ್ನಲ್ಲಿಗೆ ಬಂದಳು. ಅಬ್ಬಾ ಕರೆಯುತ್ತಿದ್ದಾರೆ, ಒಬ್ಬರೇ ಬರಬೇಕಂತೆ ಎಂದಳು.

ನಾನು ಹೋದಾಗ ಅವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಗೌಹರ ನೀರು ತರುತ್ತೇನೆ ಎಂದು ಹೊರಗೆ ಹೋದಳು. ಹಳೆಯ ಗಾಡಿ ಒಯ್ಯಲು ಗುಜರಿಯವನು ಬಂದಿದ್ದನೇ ಎಂದು ಕೇಳಿದ. ಬಂದಿಲ್ಲ, ಗಾಡಿ ಅಲ್ಲೇ ಇದೆ ಎಂದೆ. ಬಾಗಿಲುಗಳನ್ನು ಮೊದಲು ಬಿಚ್ಚಲು ಹೇಳಿ, ಇಲ್ಲದಿದ್ದರೆ ಬಡಿದು ಮುರಿಯುತ್ತಾರೆ ಎಂದ. ಆಯಿತು ಎಂದೆ. ಉಸಿರು ತೆಗೆದುಕೊಳ್ಳಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಹನ್ನೆರಡು ವರ್ಷದಲ್ಲಿ ಆ ದಿನದ ಮಾತು ನಮ್ಮಿಬ್ಬರ ನಡುವೆ ಒಂದು ಸಲವೂ ಬಂದಿರಲಿಲ್ಲ. ಬರದೆ ಹೋಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅವನು ನನ್ನ ಮುಖ ನೋಡಿದ. ಆ ಮಧ್ಯಾಹ್ನ ನೋಡದೆ ಇದ್ದವನು ಈಗ ನೇರ ನೋಡಿ ಕೇಳಿದ.

“ಅಕ್ಕಾರ, ಖರೇ ಹೇಳ್ರಿ. ವಜೀರಬಿ ಸಾಯಾಕತ್ತಾಳಂತ ಅವತ್ತು ನಾ ಬಾಯಿಬಿಟ್ಟು ಹೇಳಿದ್ರ, ನೀವು ಒಳಗ ಹೋಗಿ ಅದನ್ನ ಎತ್ತಿ ನನ್ನ ಕೈಯಾಗ ಕೊಡತಿದ್ರೇನು?”